ಗೋಬರ್ ಗ್ಯಾಸ್ ಒಲೆ ಸರಿಯಾಗಿ ಉರಿಯುತ್ತಿಲ್ಲವೇ?

"ಗ್ಯಾಸ್ ಬರ್ತದ್ರೀ ಡಾಕ್ಟ್ರೇ, ಆದ್ರ ಉರಿ ನಿಂದ್ರವಲ್ದು. ಮತ್ತ ತೊಗರಿ ಕಟ್ಟಿಗೀನೇ ಹಚ್ಲಾಕತ್ತೀನಿ." ಕಮಲಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಂಘದ ಸದಸ್ಯೆಯೊಬ್ಬರು ಹೇಳಿದ ಮಾತಿದು. ಕಟ್ಟಿಗೆ, ಕುಳ್ಳು ಅಥವಾ ಸಿಲಿಂಡರ್ ಬಿಟ್ಟು ಗೋಬರ್ ಗ್ಯಾಸ್‌ಗೆ ಬಂದವರು ಹೀಗೆ ಬೇಸತ್ತು ಕೈಬಿಟ್ಟರೆ ಹೊಗೆ ಮತ್ತೆ ನಿಮ್ಮ ಕಣ್ಣಿಗೇ. ಅದಕ್ಕೆ ಮೊದಲು ಒಲೆ, ಪೈಪು, ಗುಂಡಿ ಮೂರನ್ನೂ ಕ್ರಮವಾಗಿ ನೋಡಿ.

ಒಲೆ: ಗೋಬರ್ ಗ್ಯಾಸ್‌ನಲ್ಲಿ ಉರಿಯುವ ಮೀಥೇನ್ ಸುಮಾರು ಶೇ. 55ರಿಂದ 60 ಮಾತ್ರ, ಒತ್ತಡವೂ ಕಡಿಮೆ. ಸಿಲಿಂಡರ್ ಒಲೆಯ ಜೆಟ್‌ನ ತೂತು ಇದಕ್ಕೆ ಸಾಲದು. ಗೋಬರ್ ಗ್ಯಾಸ್‌ನದೇ ಒಲೆ ಬೇಕು. ಉರಿ ಹಳದಿಯಾದರೆ ಗಾಳಿ ಕಡಿಮೆ, ಬರ್ನರ್ ಬಿಟ್ಟು ಮೇಲೆದ್ದು ಆರಿದರೆ ಗಾಳಿ ಹೆಚ್ಚು. ಗಾಳಿಯ ಕಿಂಡಿಯನ್ನು ಹೊಂದಿಸಿ, ಉರಿ ನೀಲಿಯಾಗಲಿ.

ಪೈಪು: ಉರಿ ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿರಬಹುದು. ಒಲೆ ಆರಿಸಿ, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು, ತಗ್ಗಿನಲ್ಲಿರುವ ನಲ್ಲಿಯಿಂದ ನೀರು ಬಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮುಖ್ಯ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ಆಮೇಲೆ ಸೋಪಿನ ನೀರು ಹಚ್ಚಿ ನೋಡಿ. ಕಡ್ಡಿ ಗೀರಿ ನೋಡಲೇಬೇಡಿ.

ಗುಂಡಿ: 2 ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ, ಅಷ್ಟೇ ನೀರು ಬೇಕು. ಅಂದರೆ ನಾಲ್ಕೈದು ದನಗಳ ಸಗಣಿ. ದನ ಮಾರಿದರೆ ಗ್ಯಾಸೂ ಇಳಿಯುತ್ತದೆ. ಚಳಿಗಾಲದಲ್ಲಿಯೂ ಸ್ವಲ್ಪ ಇಳಿಯುವುದು ಸಹಜ.

ಆ ಮನೆಯಲ್ಲಿ ಒಲೆ, ಪೈಪು ಎರಡೂ ಸರಿಯಿದ್ದವು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹರಿಯುತ್ತಿತ್ತು. ಜೊತೆಗೆ ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದ ಎಮ್ಮೆಯ ಸಗಣಿಯೂ ಬೀಳುತ್ತಿತ್ತು. ಗ್ಯಾಸ್ ಮಾಡುವುದು ಗುಂಡಿಯೊಳಗಿನ ಸೂಕ್ಷ್ಮಜೀವಿಗಳು. ಅವು ಸೊರಗಿದರೆ ಮೀಥೇನ್ ಕಡಿಮೆಯಾಗಿ, ಗ್ಯಾಸ್ ಬಂದರೂ ಉರಿ ನಿಲ್ಲುವುದಿಲ್ಲ. ಆ ಎಮ್ಮೆಯ ಹಾಲನ್ನು ಡೇರಿಗೆ ಹಾಕಬೇಡಿ ಎಂದು ಹೇಳಿದ್ದ ನಾನು, ಸಗಣಿಯ ಮಾತು ಹೇಳಲು ಮರೆತಿದ್ದೆ.

ಚಿಕಿತ್ಸೆ ನಡೆಯುವಾಗ ಮತ್ತು ಮುಗಿದ ಮೇಲೂ ಕೆಲವು ದಿನ ಆ ದನದ ಸಗಣಿಯನ್ನು ತಿಪ್ಪೆಗೆ ಹಾಕಿ. ಫಿನಾಯಿಲ್ ನೀರಿಗೆ ಬೇರೆ ಕಾಲುವೆ ಮಾಡಿ. ಗುಂಡಿ ಕೆಟ್ಟಿದ್ದರೆ ಕೆಲವು ದಿನ ಏನೂ ಹಾಕದೆ ಬಿಟ್ಟು, ನಂತರ ಆರೋಗ್ಯವಂತ ದನದ ಸಗಣಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಬನ್ನಿ. ಚೆನ್ನಾಗಿ ನಡೆಯುತ್ತಿರುವ ಗುಂಡಿಯ ಸ್ಲರಿ ಒಂದೆರಡು ಬಕೆಟ್ ಬೆರೆಸಿದರೆ ಬೇಗ ಚೇತರಿಸುತ್ತದೆ.

ನೆನಪಿಡಿ: ಏನೇ ಬಿದ್ದರೂ ಗುಂಡಿಯೊಳಗೆ ಯಾರೂ ಇಳಿಯಬಾರದು. ಅದರಲ್ಲಿನ ಗಾಳಿ ಜೀವ ತೆಗೆಯುತ್ತದೆ.

ಗುಂಡಿ ಸರಿಯಿದ್ದರೆ ಅಡುಗೆಗೆ ಉರಿ, ಹೊರಬರುವ ಸ್ಲರಿಯಿಂದ ಹೊಲಕ್ಕೂ ಕಮಲಾಪುರದ ಕೆಂಪು ಬಾಳೆಗೂ ಗೊಬ್ಬರ. ಮುಂದಿನ ಸಲ ದನಕ್ಕೆ ಇಂಜೆಕ್ಷನ್ ಕೊಡಿಸುವಾಗ, ಮನೆಯಲ್ಲಿ ಗೋಬರ್ ಗ್ಯಾಸ್ ಇದೆ ಎಂದು ಡಾಕ್ಟರಿಗೆ ತಪ್ಪದೆ ಹೇಳಿ.