ಝಿಂಝೋಟಿಗೆ ಬ್ಯಾಂಡಿನ ಹೆಜ್ಜೆ

1948ರ ಆಗಸ್ಟ್ 25ರಂದು ಸಂವಿಧಾನ ಸಭೆಯಲ್ಲಿ ರಾಷ್ಟ್ರಗೀತೆಯ ಮಾತು ಬಂದಾಗ ನೆಹರೂ ಕೊಟ್ಟ ಉತ್ತರದಲ್ಲಿ ಕವಿತೆಗಿಂತ ವಾದ್ಯದ ವಿಚಾರವೇ ಹೆಚ್ಚಾಗಿತ್ತು. ಹಿಂದಿನ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಭೆಗೆ ಹೋದ ನಮ್ಮ ನಿಯೋಗದವರನ್ನು ರಾಷ್ಟ್ರಗೀತೆ ಎಲ್ಲಿ ಎಂದು ಕೇಳಿದ್ದರು. ಅವರ ಬಳಿ ಇದ್ದದ್ದು ಜನಗಣಮನದ ಒಂದು ರೆಕಾರ್ಡು. ಅಲ್ಲಿನ ವಾದ್ಯವೃಂದ ಅದನ್ನು ಅಭ್ಯಾಸ ಮಾಡಿ ನುಡಿಸಿತು, ಕೇಳಿದವರು ತಲೆದೂಗಿದರು. ನಮ್ಮ ಸೇನೆಗೂ ರಾಯಭಾರ ಕಚೇರಿಗಳಿಗೂ ನುಡಿಸಲು ಏನಾದರೂ ಬೇಕೇ ಬೇಕಿತ್ತು. ವಂದೇ ಮಾತರಂ ಬಗ್ಗೆ ನೆಹರೂಗೆ ಗೌರವವಿತ್ತು, ಆದರೆ ಅದರ ಧಾಟಿ ಅಳುಮೋರೆಯದು, ಹೇಳಿದ್ದನ್ನೇ ಹೇಳುತ್ತದೆ, ಬ್ಯಾಂಡಿಗೆ ಒಗ್ಗುವುದಿಲ್ಲ ಎಂಬುದು ಅವರ ಅಭಿಪ್ರಾಯ.

ಈ ಮಾತನ್ನು ಪುಣೆಯಲ್ಲಿ ಒಬ್ಬರು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ಅವರು ಮಾಸ್ಟರ್ ಕೃಷ್ಣರಾವ್ ಫುಲಂಬ್ರೀಕರ್. 1898ರಲ್ಲಿ ಹುಟ್ಟಿದವರು, ಭಾಸ್ಕರಬುವಾ ಬಖಲೆಯವರ ಶಿಷ್ಯರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿ, 1911ರಲ್ಲಿ ಪುಣೆಯಲ್ಲಿ ಭಾರತ ಗಾಯನ ಸಮಾಜ ಕಟ್ಟಿದ ಅದೇ ಬಖಲೆಬುವಾ. ಕೃಷ್ಣರಾಯರು ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಪಳಗಿ, ಆಮೇಲೆ ಪ್ರಭಾತ್ ಕಂಪನಿಯ ‘ಅಮರ ಜ್ಯೋತಿ’, ‘ಮಾಣೂಸ್’, ‘ಶೇಜಾರಿ’ಗಳಿಗೆ ಸಂಗೀತ ಕೊಟ್ಟರು. ಜನ ಸಿನಿಮಾ ನೋಡಿ ಹೊರಬರುವಾಗ ಯಾವ ಸಾಲನ್ನು ಗುನುಗುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬ್ರಿಟಿಷರ ಕಾಲದಲ್ಲಿ ಮುಂಬೈ ರೇಡಿಯೊದಲ್ಲಿ ವಂದೇ ಮಾತರಂ ಹಾಡಲು ಬಿಡಲಿಲ್ಲವೆಂದು ಆ ರೇಡಿಯೊವನ್ನೇ ಬಹಿಷ್ಕರಿಸಿದ್ದ ಮನುಷ್ಯ ಬೇರೆ.

ಆಗ ಆ ಗೀತೆಗೆ ಧಾಟಿಗಳಿಗೇನು ಬರವಿರಲಿಲ್ಲ. 1896ರ ಕಲ್ಕತ್ತಾ ಕಾಂಗ್ರೆಸ್‌ನಲ್ಲಿ ರವೀಂದ್ರನಾಥ ಠಾಕೂರರು ಹಾಡಿದ್ದರು. ವಿಷ್ಣು ದಿಗಂಬರ ಪಲುಸ್ಕರರು ಕಾಫಿ ರಾಗದಲ್ಲಿ ಅಧಿವೇಶನಗಳಲ್ಲಿ ಹಾಡುತ್ತಿದ್ದರು. ಇಂಥವು ಒಬ್ಬ ಗವಾಯಿಯ ಕಂಠಕ್ಕೆ ಹೊಂದುವಂಥವು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇರಬೇಕು, ಒಂದು ಸ್ವರದ ಮೇಲೆ ನಿಂತು ಉಸಿರಾಡಲು ಬಿಡುವಿರಬೇಕು. ಬ್ಯಾಂಡಿನ ಕಹಳೆಯಾದ ಕಾರ್ನೆಟ್ಟಿನ ಮೂರು ಗುಂಡಿಗಳಲ್ಲಿ ಮೀಂಡ್ ಎಳೆಯಲು ಹೋದರೆ ಸ್ವರ ಮೆಟ್ಟಿಲಿಳಿದಂತೆ ಟಕಟಕ ಬೀಳುತ್ತದೆ. ಲಯವೂ ಅಷ್ಟೆ. ಕವಾಯತಿನ ಶೀಘ್ರ ನಡಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ. ವಿಲಂಬಿತದಲ್ಲಿ ಕರುಣೆ ಉಕ್ಕಿಸುವ ಸಾಲನ್ನು ಆ ವೇಗಕ್ಕೆ ತಂದರೆ ಕರುಣೆಯೂ ಉಳಿಯದು, ಠೀವಿಯೂ ಬಾರದು. ಹಾಗಾಗಿ ನೆಹರೂ ದೂರು ಪೂರ್ತಿ ಸುಳ್ಳಲ್ಲ. ಆದರೆ ಅದು ಧಾಟಿಯ ಮೇಲಿನ ದೂರು, ಗೀತೆಯ ಮೇಲಿನದಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡಿದ್ದೇ ಕೃಷ್ಣರಾಯರ ಜಾಣತನ ಎಂದು ನನಗನಿಸುತ್ತದೆ.

ಅವರು ಹಿಡಿದದ್ದು ಝಿಂಝೋಟಿ. ಖಮಾಜ್ ಥಾಟಿನ ರಾಗ. ನಿಷಾದ ಮಾತ್ರ ಕೋಮಲ, ಉಳಿದವೆಲ್ಲ ಶುದ್ಧ. ಕಾಫಿಯ ಕೋಮಲ ಗಾಂಧಾರ ಇಲ್ಲಿಲ್ಲ, ಹಾಗಾಗಿ ಆ ನೋವೂ ಇಲ್ಲ. ಮಂದ್ರ ಧೈವತದಿಂದ ಹೊರಟು ‘ಧ ಸ ರಿ ಮ ಗ’ ಎಂದು ಏರಿದರೆ ರಾಗದ ಗುರುತು ಸಿಕ್ಕಿಬಿಡುತ್ತದೆ, ಹೆಚ್ಚು ತೂಗಾಟ ಬೇಕಿಲ್ಲ. ನಮ್ಮ ಕರ್ನಾಟಕ ಸಂಗೀತದ ಝಂಝೂಟಿಯ ಪರಿಚಯ ಇದ್ದವರಿಗೆ ಇದು ಹೊಸದಲ್ಲ. ಭಜನೆಗೂ ಜಾನಪದಕ್ಕೂ ಒಗ್ಗುವ ರಾಗ, ನೂರು ಜನ ಒಟ್ಟಿಗೆ ಹಾಡಿದರೂ ಕೆಡದು. ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಒಮ್ಮೆಲೇ ನುಡಿಸಿದರೆ ಪಾಶ್ಚಾತ್ಯರ ಮೇಜರ್ ಮೇಳ ತಾನಾಗಿ ಕೂಡಿಕೊಳ್ಳುತ್ತದೆ, ದಪ್ಪ ಹಿತ್ತಾಳೆ ವಾದ್ಯಗಳಿಗೆ ಕೆಳಗಿನ ಸ್ವರ ಹಂಚುವುದೂ ಸುಲಭ.

ಶ್ರುತಿಯ ಪ್ರಶ್ನೆ ಇದ್ದೇ ಇತ್ತು. ಗವಾಯಿ ತನ್ನ ಕಂಠಕ್ಕೆ ತಕ್ಕ ಷಡ್ಜ ಹಿಡಿಯುತ್ತಾನೆ, ಬ್ಯಾಂಡಿಗೆ ಆ ಸ್ವಾತಂತ್ರ್ಯವಿಲ್ಲ. ಕಾರ್ನೆಟ್ಟು, ಕ್ಲಾರಿನೆಟ್ಟುಗಳನ್ನು ಮಾಡುವುದೇ ಬಿ ಫ್ಲ್ಯಾಟ್ ಸ್ವರಕ್ಕೆ. ಹಾರ್ಮೋನಿಯಂ ಭಾಷೆಯಲ್ಲಿ ಅದು ಕಾಳಿ ಪಾಂಚ್. ಬ್ಯಾಂಡು ನಿರಾಯಾಸವಾಗಿ ನುಡಿಸುವ ಶ್ರುತಿಯನ್ನು ಜನಸಾಮಾನ್ಯರ ಗಂಟಲೂ ಮುಟ್ಟಬೇಕು. ಇದು ಒಬ್ಬ ಹಿಂದೂಸ್ತಾನಿ ಗಾಯಕನ ಕೈಯಲ್ಲಷ್ಟೇ ಆಗುವ ಕೆಲಸವಲ್ಲ. ಕೃಷ್ಣರಾಯರು ಮುಂಬೈಯ ಬ್ರಿಟಿಷ್ ಬ್ಯಾಂಡ್ ಮಾಸ್ಟರರ ನೆರವು ಪಡೆದು ಸ್ವರಲಿಪಿ ಬರೆಸಿದರು. ಆಮೇಲೆ ದೆಹಲಿಗೆ ಹೋಗಿ ಸಂವಿಧಾನ ಸಭೆಯ ಸದಸ್ಯರೆದುರು ಹಾಡಿ, ನುಡಿಸಿ ತೋರಿಸಿದರು.

ಹಾಗೆ ನೋಡಿದರೆ ಬ್ಯಾಂಡಿಗೆ ದುಃಖ ಬಾರದು ಎನ್ನುವುದೂ ಅಷ್ಟು ಸರಿಯಲ್ಲ. ಪುಣೆಯ ಪಕ್ಕದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) ಕೋರ್ಸ್ ಮುಗಿಸಿದ ಕೆಡೆಟ್‌ಗಳು ‘ಆಲ್ಡ್ ಲ್ಯಾಂಗ್ ಸೈನ್’ ಧಾಟಿಗೆ ನಿಧಾನ ನಡಿಗೆಯಲ್ಲಿ ‘ಅಂತಿಮ ಪಗ್’ ಎಂಬ ಕೊನೆಯ ಹೆಜ್ಜೆಯ ಗೆರೆ ದಾಟುವಾಗ ನೋಡುವ ತಂದೆತಾಯಿಗಳ ಕಣ್ಣು ಒದ್ದೆಯಾಗುತ್ತದೆ. ಸೇನೆಗೆ ನಿಧಾನದ ಹೆಜ್ಜೆಯೂ ಇದೆ.

1950ರ ಜನವರಿ 24ರಂದು ರಾಜೇಂದ್ರ ಪ್ರಸಾದರು, ಮತಕ್ಕೆ ಹಾಕದೆ, ಜನಗಣಮನವನ್ನು ರಾಷ್ಟ್ರಗೀತೆಯೆಂದೂ ವಂದೇ ಮಾತರಂಗೆ ಸಮಾನ ಗೌರವವೆಂದೂ ಪ್ರಕಟಿಸಿದರು. ಜನಗಣಮನಕ್ಕೆ 52 ಸೆಕೆಂಡು ಗೊತ್ತಾಯಿತು. ಸಂಗೀತ ಮಾತ್ರ ಇದನ್ನು ತೀರ್ಮಾನಿಸಲಿಲ್ಲ. ವಂದೇ ಮಾತರಂನ ಮೊದಲೆರಡು ಚರಣ ಮಾತ್ರ ಸಾಕೆಂದು ಕಾಂಗ್ರೆಸ್ 1937ರಲ್ಲೇ ಹೇಳಬೇಕಾಗಿ ಬಂದದ್ದು ಬೇರೆಯದೇ ಜಗಳ, ಧಾಟಿಯದಲ್ಲ, ಪದಗಳದ್ದು. ಬ್ಯಾಂಡಿಗೆ ಬಾರದು ಎಂಬ ಕಾರಣಕ್ಕಂತೂ ಕೃಷ್ಣರಾಯರು ಉತ್ತರ ಕೊಟ್ಟಾಗಿತ್ತು. ಮುಂದೆ ಅಂಬೇಡ್ಕರರು ಕೇಳಿದ್ದರಿಂದ ಅವರು ಬುದ್ಧ ವಂದನೆಗೆ ರಾಗ ಹಾಕಿದರು. ಅದಕ್ಕೆ ಕಾರ್ನೆಟ್ಟಿನ ಹಂಗು ಇರಲಿಲ್ಲ.