ನೇಪಾಳದ ಬೆಟ್ಟಗಳಲ್ಲಿ ಭಾರತದ ಮಾಜಿ ಸೈನಿಕರು

ನೇಪಾಳದ ಸ್ವಂತ ಸೈನ್ಯದ ಬಲ ಒಂದು ಲಕ್ಷದ ಒಳಗೆ. ಅದೇ ನೇಪಾಳದಲ್ಲಿ ಕೂತು ಭಾರತೀಯ ಸೇನೆಯ ಪಿಂಚಣಿ ಪಡೆಯುತ್ತಿರುವವರು ಸುಮಾರು 1.2 ಲಕ್ಷ! ಇವರೆಲ್ಲ ನಿವೃತ್ತ ಗೂರ್ಖಾ ಯೋಧರು, ಇಲ್ಲವೇ ತೀರಿಕೊಂಡವರ ಹೆಂಡಂದಿರು. ಇವರಿಗಾಗಿಯೇ ಕಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಭಾರತ ಸರ್ಕಾರದ ಪಿಂಚಣಿ ಕಚೇರಿಗಳಿವೆ, 22 ಜಿಲ್ಲಾ ಸೈನಿಕ ಮಂಡಳಿಗಳಿವೆ. ರಾತ್ರಿ ಬೀದಿಯಲ್ಲಿ ಸೀಟಿ ಊದಿ ಹೋಗುವವನಷ್ಟೇ ಗೂರ್ಖಾ ಎಂದುಕೊಂಡವರು ಈ ಲೆಕ್ಕವನ್ನು ನಿಧಾನವಾಗಿ ಓದಬೇಕು.

ಈ ಸೈನಿಕ ನಂಟು ಶುರುವಾದದ್ದು 1815ರಲ್ಲಿ. ಆಗ ನೇಪಾಳದ ಜೊತೆ ಯುದ್ಧದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ಎದುರಾಳಿಗಳ ಕೆಚ್ಚು ಕಂಡು, ಯುದ್ಧ ಮುಗಿಯುವ ಮೊದಲೇ ಅವರನ್ನು ತನ್ನ ಪಡೆಗೆ ಸೇರಿಸಿಕೊಳ್ಳತೊಡಗಿತು. ನೂರು ವರ್ಷ ಕಳೆದು ಮೊದಲ ಮಹಾಯುದ್ಧ ಬಂದಾಗ ನೇಪಾಳದಿಂದ ಹೊರಟವರು ಸುಮಾರು 2 ಲಕ್ಷ. 1911ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆಯೇ 56 ಲಕ್ಷ. ಹೆಂಗಸರು, ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎಂಟು ಗಂಡಸರಲ್ಲಿ ಒಬ್ಬ. ಅದೂ ದೇಶದ ಎಲ್ಲೆಡೆಯಿಂದ ಸಮನಾಗಿ ಅಲ್ಲ. ಹೋದವರಲ್ಲಿ ಬಹುಪಾಲು ಮಗರ್, ಗುರುಂಗ್, ರಾಯ್, ಲಿಂಬು ಜನ. ಆ ಬೆಟ್ಟದೂರುಗಳಲ್ಲಿ ಉಳುವವರು ಯಾರು ಉಳಿದಿದ್ದರೋ! ನೇಪಾಳ ಬ್ರಿಟಿಷರ ವಸಾಹತಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಎರಡನೇ ಮಹಾಯುದ್ಧಕ್ಕೆ ಮುಂಚೆ ಇದ್ದ 20 ಗೂರ್ಖಾ ಬೆಟಾಲಿಯನ್‌ಗಳು ಯುದ್ಧಕಾಲದಲ್ಲಿ 40 ದಾಟಿದವು. ಆ ಒಂದೇ ಯುದ್ಧದಲ್ಲಿ ಹತ್ತು ಗೂರ್ಖಾ ಯೋಧರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅದರಲ್ಲಿ ಎರಡು, 1944ರ ಜೂನ್ 26ರಂದು ಮಣಿಪುರದ ಬಿಷ್ಣುಪುರದ ಬಳಿ ಒಂದೇ ಬೆಟಾಲಿಯನ್‌ನ ಇಬ್ಬರು ತೋರಿದ ಸಾಹಸಕ್ಕೆ. ನನ್ನನ್ನು ಬಹಳ ಕಾಡುವವನು ಮಾತ್ರ ಲಛಿಮನ್ ಗುರುಂಗ್. ಆಳು ಐದಡಿಯೂ ಇಲ್ಲ. 1945ರ ಮೇ ತಿಂಗಳ ಒಂದು ರಾತ್ರಿ ಬರ್ಮಾದ ತೌಂಗ್ಡಾದಲ್ಲಿ ಕನಿಷ್ಠ 200 ಜಪಾನಿ ಸೈನಿಕರು ನುಗ್ಗಿಬಂದರು. ಕಂದಕಕ್ಕೆ ಬಿದ್ದ ಎರಡು ಗ್ರೆನೇಡ್‌ಗಳನ್ನು ಲಛಿಮನ್ ತಿರುಗಿ ಎಸೆದ. ಮೂರನೆಯದು ಕೈಯಲ್ಲೇ ಸಿಡಿದು ಬಲಗೈಯ ಬೆರಳುಗಳು ಹಾರಿಹೋದವು. ಅಲ್ಲಿಂದ ನಾಲ್ಕು ಗಂಟೆ ಕಾಲ ಎಡಗೈಯಲ್ಲೇ ರೈಫಲ್‌ಗೆ ಗುಂಡು ತುಂಬಿ ಹೊಡೆಯುತ್ತಲೇ ಇದ್ದ. ಬೆಳಗಾದಾಗ ಅವನ ನೆಲೆಯ ಮುಂದೆ 31 ಶವಗಳಿದ್ದವು.

1947ರ ನವೆಂಬರ್‌ನಲ್ಲಿ ಭಾರತ, ನೇಪಾಳ, ಬ್ರಿಟನ್ ಸೇರಿ ಒಪ್ಪಂದ ಮಾಡಿಕೊಂಡವು. ಹತ್ತು ರೆಜಿಮೆಂಟ್‌ಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್‌ಗೆ. ಬ್ರಿಟನ್ ಪಾಲಿಗೆ ಹೋದ ರೆಜಿಮೆಂಟ್‌ಗಳಿಂದಲೂ ಭಾರತವೇ ಬೇಕು ಎಂದವರು ಎಷ್ಟಿದ್ದರೆಂದರೆ, ಅವರಿಗಾಗಿ ಮರುವರ್ಷ 11ನೇ ಗೂರ್ಖಾ ರೈಫಲ್ಸ್ ಅನ್ನು ಮತ್ತೆ ಕಟ್ಟಬೇಕಾಯಿತು. 1950ರಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರಿಗೆ ನೇಪಾಳ ತನ್ನ ಸೇನೆಯ ಗೌರವ ಜನರಲ್ ಪದವಿ ಕೊಟ್ಟಿತು. ಎರಡೂ ದೇಶಗಳ ಸೇನಾ ಮುಖ್ಯಸ್ಥರು ಪರಸ್ಪರರ ಸೇನೆಯಲ್ಲಿ ಜನರಲ್ ಆಗುವ ಪದ್ಧತಿ ಅಂದಿನಿಂದ ಬಂದಿದೆ.

ಸ್ವತಂತ್ರ ಭಾರತದ ಯುದ್ಧಗಳಲ್ಲಿ ಲಡಾಖ್, ಸಿಲ್ಹೆಟ್, ಕಾರ್ಗಿಲ್, ಎಲ್ಲ ಕಡೆಯೂ ಗೂರ್ಖಾ ಪಡೆಗಳಿದ್ದವು. 1971ರಲ್ಲಿ ಒಂದೇ ಗೂರ್ಖಾ ಬೆಟಾಲಿಯನ್ ಹೆಲಿಕಾಪ್ಟರ್‌ಗಳಲ್ಲಿ ಸಿಲ್ಹೆಟ್ ಬಳಿ ಇಳಿದು, ಸಾವಿರಗಟ್ಟಲೆ ಪಾಕಿಸ್ತಾನಿ ಸೈನಿಕರನ್ನು ಶರಣಾಗತಿಯ ತನಕ ಕಟ್ಟಿಹಾಕಿತು. ಈಚಿನವರೆಗೂ ಸುಮಾರು 32,000 ನೇಪಾಳಿ ಪ್ರಜೆಗಳು ನಮ್ಮ ಸಮವಸ್ತ್ರದಲ್ಲಿದ್ದರು.

ಈಗ ಆ ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತಿದೆ. ಕೋವಿಡ್ ಕಾಲದಲ್ಲಿ ನೇಮಕಾತಿ ನಿಂತಿತು. 2022ರಲ್ಲಿ ಬಂದ ಅಗ್ನಿಪಥ್ ಯೋಜನೆಯ ನಾಲ್ಕು ವರ್ಷದ ನೌಕರಿ, ಅದೂ ಪಿಂಚಣಿ ಇಲ್ಲದೆ, 1947ರ ಒಪ್ಪಂದಕ್ಕೆ ಹೊಂದುವುದಿಲ್ಲ ಎಂದು ನೇಪಾಳ ತನ್ನ ಹುಡುಗರನ್ನು ಕಳಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಎರಡು ದೇಶಗಳಿಗೂ ದೊಡ್ಡ ನಷ್ಟ. ಹೀಗೇ ಮುಂದುವರಿದರೆ 2040ರ ದಶಕದಲ್ಲಿ ನೇಪಾಳದ ಕೊನೆಯ ಸಿಪಾಯಿ ಭಾರತೀಯ ಸೇನೆಯಿಂದ ನಿವೃತ್ತನಾಗುತ್ತಾನೆ. ಅವನ ಪಿಂಚಣಿ, ಅವನ ನಂತರ ಹೆಂಡತಿಯ ಪಿಂಚಣಿ, 2080ರ ದಶಕದಲ್ಲೂ ಪೋಖರಾದ ಕಚೇರಿಯಿಂದ ಪಾವತಿಯಾಗುತ್ತಿರಬಹುದು.