ಮೂತ್ರ ಬಂದರೆ ಕಿಡ್ನಿ ಸರಿಹೋಯಿತೇ?

ತಪ್ಪು ಕಲ್ಪನೆ: ಮೂತ್ರ ಹೆಚ್ಚಿಸುವ ಔಷಧಿ ಲಾಸಿಕ್ಸ್ ಕೊಟ್ಟ ಮೇಲೆ ಮೂತ್ರ ಹೊರಟರೆ ಕಿಡ್ನಿ ಗುಣವಾದಂತೆ.

ಸತ್ಯ: ಐಸಿಯು ಬಾಗಿಲಲ್ಲಿ ಕಾಯುವ ಮನೆಯವರಿಗೆ ಮೂತ್ರದ ಚೀಲ ತುಂಬುವುದೇ ದೊಡ್ಡ ಸಮಾಧಾನ. ಆ ಸಮಾಧಾನ ಪೂರ್ತಿ ಸುಳ್ಳಲ್ಲ. ಲಾಸಿಕ್ಸ್‌ಗೆ ಕಿಡ್ನಿ ಚೆನ್ನಾಗಿ ಸ್ಪಂದಿಸಿದರೆ ಅದರ ನಾಳಗಳಲ್ಲಿ ಇನ್ನೂ ಜೀವವಿದೆ ಎಂಬ ಸುಳಿವು ಸಿಗುತ್ತದೆ. ಆದರೆ ಈ ಔಷಧಿ ಮಾಡುವುದು ಇಷ್ಟೇ: ನಾಳಗಳು ಉಪ್ಪನ್ನು ಮರಳಿ ಹೀರದಂತೆ ತಡೆಯುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ರಕ್ತ ಸೋಸುವ ಶಕ್ತಿ ಹೆಚ್ಚುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಅದು ಬೇಕೇ ಬೇಕು. ವಾಂತಿಭೇದಿಯಿಂದ ಮೈ ಒಣಗಿ, ಬಿಪಿ ಕುಸಿದು ಮೂತ್ರ ನಿಂತವರಿಗೆ ಅದೇ ಔಷಧಿ ಇನ್ನೊಂದು ಪೆಟ್ಟು.

ತಪ್ಪು ಕಲ್ಪನೆ: ಬಿಪಿ ಏರಿಸುವ ಔಷಧಿ ಡೋಪಮಿನ್ ಸಣ್ಣ ಪ್ರಮಾಣದಲ್ಲಿ ಕಿಡ್ನಿಯನ್ನು ಕಾಪಾಡುತ್ತದೆ.

ಸತ್ಯ: ಇದನ್ನು ವೈದ್ಯರೇ ದಶಕಗಳ ಕಾಲ ನಂಬಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತಜ್ಞರು 328 ರೋಗಿಗಳಲ್ಲಿ ಪರೀಕ್ಷಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು: ಕ್ರಿಯಾಟಿನಿನ್ (ಕಿಡ್ನಿ ಸೋಸಬೇಕಾದ ರಕ್ತದ ಕಸ), ಡಯಾಲಿಸಿಸ್, ಸಾವು, ಯಾವುದರಲ್ಲೂ ವ್ಯತ್ಯಾಸವಿರಲಿಲ್ಲ. ಹೀಗೆ ಹಠಾತ್ತನೆ ಕೆಟ್ಟ ಕಿಡ್ನಿಯನ್ನು ನೇರವಾಗಿ ರಿಪೇರಿ ಮಾಡುವ ಔಷಧಿ ಇಂದಿಗೂ ಇಲ್ಲ. ಕಿಡ್ನಿಗೆ ಪೆಟ್ಟು ಕೊಟ್ಟ ಕಾರಣವನ್ನು ನಿಲ್ಲಿಸುವುದೇ ಚಿಕಿತ್ಸೆ. ಸೋಂಕಿಗೆ ಆಂಟಿಬಯಾಟಿಕ್, ಕುಸಿದ ಬಿಪಿಗೆ ಅಳತೆಯ ಡ್ರಿಪ್ ಮತ್ತು ನಾರ್‌ಅಡ್ರಿನಲಿನ್, ಕೊಳಕುಮಂಡಲ ಕಚ್ಚಿದ್ದರೆ ತಡಮಾಡದೆ ವಿಷನಿರೋಧಕ.

ತಪ್ಪು ಕಲ್ಪನೆ: ಕಿಡ್ನಿ ಕೆಟ್ಟಿದ್ದರೆ ಎಲ್ಲ ಔಷಧಿಯ ಡೋಸನ್ನೂ ಮೊದಲಿನಿಂದಲೇ ಇಳಿಸಬೇಕು.

ಸತ್ಯ: ಜೀವ ತೆಗೆಯುವ ಸೋಂಕಿನಲ್ಲಿ ಆಂಟಿಬಯಾಟಿಕ್‌ನ ಮೊದಲ ಡೋಸ್ ಸಾಮಾನ್ಯವಾಗಿ ಪೂರ್ತಿಯೇ ಇರಬೇಕು. ಕಿಡ್ನಿಯ ಲೆಕ್ಕ ಮುಖ್ಯವಾಗುವುದು ಮುಂದಿನ ಡೋಸುಗಳಲ್ಲಿ. ಹೆದರಿ ಮೊದಲೇ ಅರ್ಧಕ್ಕಿಳಿಸಿದರೆ ಸೋಂಕು ಗೆಲ್ಲುತ್ತದೆ, ಕಿಡ್ನಿಯೂ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ಡಯಾಲಿಸಿಸ್ ಬೇಗ ಶುರುಮಾಡಿದಷ್ಟೂ ಒಳ್ಳೆಯದು, ಶುರುವಾದರೆ ಜೀವನಪೂರ್ತಿ.

ಸತ್ಯ: ಎರಡೂ ಸರಿಯಲ್ಲ. 2020ರಲ್ಲಿ ಪ್ರಕಟವಾದ, ಸುಮಾರು 3,000 ರೋಗಿಗಳ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಅವಸರದ ಡಯಾಲಿಸಿಸ್‌ನಿಂದ ಸಾವು ಕಡಿಮೆಯಾಗಲಿಲ್ಲ. ಪೊಟ್ಯಾಸಿಯಂ ಏರಿದಾಗ, ರಕ್ತ ಆಮ್ಲೀಯವಾದಾಗ, ನೀರು ಇಳಿಯದಿದ್ದಾಗ ಮಾತ್ರ ಮೀನಮೇಷ ಎಣಿಸಬಾರದು. ಐಸಿಯುನಲ್ಲಿ ಡಯಾಲಿಸಿಸ್ ಪಡೆದು ಬದುಕುಳಿದವರಲ್ಲಿ ಹೆಚ್ಚಿನವರಿಗೆ ಮುಂದೆ ಅದು ಬೇಕಾಗುವುದಿಲ್ಲ. ಆದರೂ ಮನೆಗೆ ಬಂದ ಮೇಲೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಮೂರು ತಿಂಗಳಿಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ತಪ್ಪಿಸಬೇಡಿ.